ತಿಳಿಯಾಗಿ ಕಾಣುವ ನೀರು

ಕೊಡಚಾದ್ರಿಯ ತುದಿಯನ್ನೇರಿದವರಿಗೆ, ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ನಿಂತವರಿಗೆ, ಆಕಾಶ ಶುಭ್ರವಾಗಿದ್ದ ದಿನ ಪಶ್ಚಿಮದ ಅಂಚಿನಲ್ಲಿ ಬೆಳ್ಳಿಯ ಗೆರೆಯೊಂದು ಕಾಣಿಸುತ್ತದೆ. ಅದು ಅರಬ್ಬೀ ಸಮುದ್ರ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಾದ ನಮಗೆ ಕಡಲಿನ ಪರಿಚಯ ಬಹುಮಟ್ಟಿಗೆ ಅಷ್ಟೇ. ನಾನಿರುವ ಊರಿಗೆ ಸಾಗರವೆಂಬ ಹೆಸರಿದ್ದರೂ ಆ ಹೆಸರು ಬಂದದ್ದು ಕೆಳದಿಯ ಸದಾಶಿವನಾಯಕನು ಕಟ್ಟಿಸಿದ ಕೆರೆಯಿಂದ ಎನ್ನುತ್ತಾರೆ; ಅಲೆಯ ಸದ್ದು ಅಲ್ಲಿಗೆ ಕೇಳಿಸದು. ಹೀಗಿರುವಾಗ ಅಡಿಕೆ ತೋಟದ ನಡುವೆ ಬದುಕಿದವನೊಬ್ಬ ಸಮುದ್ರದ ಮೇಲೆ ಚೆಲ್ಲಿದ ಎಣ್ಣೆಯ ವಿಷಯವಾಗಿ ಮಾತನಾಡಹೊರಟರೆ ಕೇಳುವವರಿಗೆ ಆಶ್ಚರ್ಯವಾದೀತು.

ಆದರೆ ಕಡಲಿಗೂ ನಮಗೂ ಎರಡು ನಂಟುಗಳಿವೆ. ಮೊದಲನೆಯದು ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ನೆಲವನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಅಣೆಕಟ್ಟಿಗೆ ತಡೆದು ನಿಂತು, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಸಮುದ್ರವನ್ನು ಸೇರುವ ಈ ಹೊಳೆ ನಮ್ಮ ಗುಡ್ಡಗಳ ಕಲ್ಲುಮಣ್ಣುಗಳಿಂದ ಕರಗಿದ ಲವಣಗಳನ್ನು ಹೊತ್ತುಕೊಂಡೇ ಹೋಗುತ್ತದೆ. (ತುಂಗೆ ಮಾತ್ರ ಪೂರ್ವಕ್ಕೆ ಮುಖ ಮಾಡಿದವಳು, ಅವಳ ಕಥೆ ಬೇರೆ.) ಎರಡನೆಯ ನಂಟು ಘಟ್ಟದ ಕೆಳಗಿನಿಂದ ಮೇಲಕ್ಕೆ ಬರುವಂಥದು: ನಮ್ಮ ಸಂತೆಗಳಿಗೆ ಬರುವ ಬಂಗುಡೆ, ಬೂತಾಯಿ, ಮಳೆಗಾಲಕ್ಕೆಂದು ಅನೇಕ ಮನೆಗಳಲ್ಲಿ ಕಟ್ಟಿಡುವ ಒಣಮೀನು.

ಈ ಬೂತಾಯಿ ಏನನ್ನು ತಿಂದು ಬೆಳೆಯುತ್ತದೆ? ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾನು ವಿದ್ಯಾರ್ಥಿಗಳಿಗೆ ಹಾಕುತ್ತಿದ್ದ ಮೊದಲ ಪ್ರಶ್ನೆ ಇದು. 'ಸಣ್ಣ ಮೀನು' ಎಂದು ಉತ್ತರ ಬರುತ್ತಿತ್ತು. ನಿಜವಾದ ಉತ್ತರ ಕಣ್ಣಿಗೆ ಕಾಣುವಂಥದಲ್ಲ. ಕಡಲಿನ ಮೇಲ್ಪದರದಲ್ಲಿ, ಪ್ರವಾಹ ಒಯ್ದತ್ತ ತೇಲುತ್ತ ಸಾಗುವ ಕೋಟ್ಯನುಕೋಟಿ ಜೀವಿಗಳಿವೆ. ಇವಕ್ಕೆ ಪ್ಲವಕಗಳೆಂದು ಹೆಸರು. ಅವುಗಳಲ್ಲಿ ಕೆಲವು ಸಸ್ಯಗಳಂತೆ ಬಿಸಿಲನ್ನುಂಡು ಬೆಳೆಯುತ್ತವೆ. ಜಗತ್ತಿನ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧಭಾಗ ಈ ಅದೃಶ್ಯ ಹುಲ್ಲುಗಾವಲಿನದು ಎಂದರೆ ನಮ್ಮ ಸಹ್ಯಾದ್ರಿಯ ಕಾಡುಗಳ ನಡುವೆ ಕುಳಿತವರಿಗೆ ನಂಬುವುದು ಕಷ್ಟ. ಅವುಗಳ ಪೈಕಿ ಡಯಾಟಮ್ ಎಂಬ ಏಕಕೋಶಿಗಳು ಗಾಜಿನಂತಹ ಸಿಲಿಕದ ಡಬ್ಬಿಯೊಳಗೆ ಬಾಳುತ್ತವೆ. ಆ ಗಾಜಿಗೆ ಬೇಕಾದ ಸಿಲಿಕದ ಒಂದು ಪಾಲನ್ನು ಒದಗಿಸುವುದು ಶರಾವತಿಯಂತಹ ಹೊಳೆಗಳು. ಈ ಸಸ್ಯಪ್ಲವಕಗಳನ್ನು ಮೇಯುವ ಪ್ರಾಣಿಪ್ಲವಕಗಳೂ ಇವೆ. ಅವುಗಳಲ್ಲಿ ಮುಖ್ಯವಾದವು ದೋಣಿಯ ಹುಟ್ಟಿನಂತಹ ಕಾಲುಗಳಿಂದ ನೀರನ್ನು ಬಡಿಯುವ ಕೋಪಿಪಾಡ್‌ಗಳು, ಅಕ್ಕಿಯ ನುಚ್ಚಿಗಿಂತ ಚಿಕ್ಕವು. ಬೂತಾಯಿ ತನ್ನ ಕಿವಿರುಗಳ ಜರಡಿಯಲ್ಲಿ ಈ ಎರಡನ್ನೂ ಸೋಸಿ ತಿನ್ನುತ್ತದೆ. ಫ್ರ್ಯಾಜಿಲೇರಿಯ ಓಷಿಯಾನಿಕ ಎಂಬ ಡಯಾಟಮ್ ಸಮೃದ್ಧವಾಗಿರುವಾಗ ಬೂತಾಯಿಯೂ ಸಮೃದ್ಧವಾಗಿ ದೊರೆಯುತ್ತದೆಂದು ಆರ್. ಸುಬ್ರಹ್ಮಣ್ಯನ್ ಮತ್ತು ಅವರ ಸಹೋದ್ಯೋಗಿ 1955ರಲ್ಲಿಯೇ ಬರೆದಿದ್ದರು. ಬೂತಾಯಿ, ಬಂಗುಡೆಗಳ ಮೊಟ್ಟೆ ಮರಿಗಳೂ ಕೆಲವು ಕಾಲ ಪ್ಲವಕಗಳೇ. ಈಜುವ ಶಕ್ತಿ ಬರುವ ತನಕ ಅವೂ ತೇಲುತ್ತಿರಬೇಕಾದವು.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಿ ಮುಂದೆ ಹೋಗುತ್ತೇನೆ. ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಹೊಡೆಯುವುದು, ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ಅದನ್ನು ಬಳಕೆಗೆ ತಂದಂದಿನಿಂದ ನಮ್ಮ ಕಡೆ ವರ್ಷವರ್ಷದ ಕೆಲಸ. ಆ ಸಲ ಔಷಧಿ ಹೊಡೆದಾದ ಮೇಲೆ ಎರಡು ಡ್ರಮ್ಮಿನಷ್ಟು ದ್ರಾವಣ ಉಳಿಯಿತು. ಸುಣ್ಣ ಸಾಕಷ್ಟು ಬಿದ್ದಿರಲಿಲ್ಲ. ಕತ್ತಿಯ ಅಲಗನ್ನು ಅದ್ದಿ ನೋಡಿದರೆ ತಾಮ್ರದ ಬಣ್ಣ ಹಿಡಿಯುತ್ತಿತ್ತು. ಮಳೆ ಬರುವಂತಿತ್ತು. ತೋಟದ ತಲೆಯಲ್ಲಿದ್ದ ಸಣ್ಣ ಕೆರೆಗೆ ಅದನ್ನು ಸುರಿದುಬಿಡಿ ಎಂದು ಆಳುಗಳಿಗೆ ಹೇಳಿದವನು ನಾನೇ. ಒಂದು ವಾರದಲ್ಲಿ ಕೆರೆಯ ನೀರು, ಅಲ್ಲಿಯವರೆಗೆ ಎಳೆಹಸಿರಾಗಿ ಮಬ್ಬಾಗಿದ್ದುದು, ತಿಳಿಯಾಯಿತು. ತಳದ ಕಲ್ಲುಗಳು ಕಾಣತೊಡಗಿದುವು. ಮನೆಗೆ ಬಂದ ನೆಂಟರು ನೀರನ್ನು ಹೊಗಳಿದರು, ನಾನೂ ಹಿಗ್ಗಿದೆ. ನಮ್ಮ ತಾಯಿ ಮಾತ್ರ ಒಂದು ಸಂಜೆ ಜಗುಲಿಯಲ್ಲಿ ಕುಳಿತಿದ್ದಾಗ, "ಈ ವರ್ಷ ಕೆರೆ ಕಡೆ ಕಪ್ಪೆ ಕೂಗಲೇ ಇಲ್ಲವಲ್ಲೋ" ಎಂದರು. ಮರುದಿನ ಒಂದು ಲೋಟ ನೀರನ್ನು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹಿಂದೆ ಅದೇ ಕೆರೆಯ ಹನಿಯಲ್ಲಿ ನೀರುಚಿಗಟಗಳು ಕುಣಿಯುತ್ತಿದ್ದುದನ್ನು ಎಷ್ಟೋ ಮಕ್ಕಳಿಗೆ ತೋರಿಸಿದ್ದೆ. ಈಗ ಅಲ್ಲಿ ಏನೂ ಇರಲಿಲ್ಲ. ಗೊದಮೊಟ್ಟೆಗಳಿಗೆ ಮೇವಿಲ್ಲದೆ, ವಿಷವೂ ತಾಗಿ, ಅವು ಮೊದಲೇ ಹೋಗಿದ್ದುವು. ಪಾಠ ಹೇಳುವವನಿಗೆ ಗೊತ್ತಾಗಬಾರದಿತ್ತೇ ಎಂದು ತಾವು ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ. ಆ ಕೆರೆಯಲ್ಲಿ ಕಪ್ಪೆಗಳು ಮತ್ತೆ ಕೂಗಲು ಮೂರು ಮಳೆಗಾಲ ಬೇಕಾಯಿತು.

ಕಡಲಿನ ಎಣ್ಣೆಯ ವಿಚಾರದಲ್ಲಿ ನನಗೆ ಕುತೂಹಲ ಹುಟ್ಟಿದ್ದು ಈ ಕೆರೆಯ ದೆಸೆಯಿಂದ.

2006ರ ಮೇ 30ರಂದು ಓಷನ್ ಸೆರಾಯ ಎಂಬ ಸರಕು ಹಡಗು ಕಾರವಾರದೆದುರಿನ ಆಯ್‌ಸ್ಟರ್ ರಾಕ್ಸ್ ಎಂಬ ಬಂಡೆಗಳ ಬಳಿ ನೆಲಕಚ್ಚಿತು. ಅದರ ಹೊಟ್ಟೆಯಲ್ಲಿ ಸುಮಾರು 650 ಟನ್ ಇಂಧನತೈಲವಿತ್ತು. ಮುಂಗಾರಿನ ಅಲೆಗಳ ಹೊಡೆತಕ್ಕೆ ಹಡಗು ಒಡೆಯಿತು; ಎಣ್ಣೆ ಕಾರವಾರದ ಕಡೆಗೂ ದಕ್ಷಿಣ ಗೋವೆಯ ತೀರಗಳಿಗೂ ಹರಡಿತು. ಕೆಲವು ದಿನಗಳ ಮೇಲೆ ನಾನು ಅಲ್ಲಿಗೆ ಹೋದೆ. ಮರಳಿನ ಮೇಲೆ ಡಾಂಬರಿನ ಉಂಡೆಗಳು, ಬಲೆಗಳ ಮೇಲೆ ಜಿಡ್ಡು, ಗಾಳಿಯಲ್ಲಿ ಗ್ಯಾರೇಜಿನ ವಾಸನೆ. ಜನ ನೋಡಿದ್ದೂ ಪತ್ರಿಕೆಗಳು ಬರೆದದ್ದೂ ಅದನ್ನೇ. ಒಂದೆರಡು ಬಕೆಟ್ಟು ನೀರನ್ನು ಸೇದಿ ರೇಷ್ಮೆಯ ಬಲೆಯಲ್ಲಿ ಸೋಸಿ ನೋಡಿದೆ. ಬಂದ ಕೋಪಿಪಾಡ್‌ಗಳಲ್ಲಿ ಒಂದೆರಡರ ಪಾರದರ್ಶಕವಾದ ದೇಹದೊಳಗೆ, ಕರುಳಿನಲ್ಲಿ, ಕಂದುಬಣ್ಣದ ದುಂಡನೆಯ ಹನಿಗಳಿದ್ದುವು. ಎರಡು ಬಕೆಟ್ಟು ನೀರಿನಿಂದ ಏನನ್ನೂ ಸಾಧಿಸಲಾಗದು, ಅದು ನನಗೆ ಗೊತ್ತು. ಆದರೆ ಆ ಹನಿಗಳು ನನ್ನ ಕಣ್ಣಿನಿಂದ ಹೋಗಲಿಲ್ಲ.

ಚೆಲ್ಲಿದ ಎಣ್ಣೆಗೆ ಮಾಡುವುದೇನು? ತೇಲುವ ಬೇಲಿ ಕಟ್ಟಿ ಮೊಗೆಯಬಹುದು. ಕೆರಳಿದ ಕಡಲಿನಲ್ಲಿ ಅದು ಸಾಧ್ಯವಾಗದು. ಬೆಂಕಿ ಹಚ್ಚಬಹುದು, ಅದಕ್ಕೂ ಶಾಂತವಾದ ನೀರು ಬೇಕು. ಮೂರನೆಯ ಉಪಾಯವೆಂದರೆ ವಿಮಾನದಿಂದಲೋ ದೋಣಿಯಿಂದಲೋ ಎಣ್ಣೆಯನ್ನು ಚದುರಿಸುವ ರಾಸಾಯನಿಕವನ್ನು ಸಿಂಪಡಿಸುವುದು. ನಮ್ಮ ಅನುಕೂಲಕ್ಕೆ ಅದನ್ನು ಚದುರುಮದ್ದು ಎನ್ನೋಣ. ಇದು ಕೆಲಸ ಮಾಡುವ ಬಗೆ ದೀಪಾವಳಿಯ ಎಣ್ಣೆಸ್ನಾನ ಮಾಡಿದವರಿಗೆಲ್ಲ ತಿಳಿದದ್ದೇ. ಮೈಗೆ ಹಚ್ಚಿದ ಎಣ್ಣೆ ಬರಿಯ ನೀರಿಗೆ ಜಗ್ಗದು. ಸೀಗೆಪುಡಿಯನ್ನೋ ಅಂಟುವಾಳದ ನೊರೆಯನ್ನೋ ತಿಕ್ಕಿದರೆ ಬಿಡುತ್ತದೆ. ಅದರ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಮತ್ತೊಂದು ನೀರನ್ನು. ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಹೊರಟುಹೋಗುತ್ತದೆ. ಹೋಗುವುದೆಲ್ಲಿಗೆ? ಬಚ್ಚಲ ಹೊಂಡಕ್ಕೆ. ಮೈ ಹಗುರಾಯಿತು ಎನ್ನುವವನು ಆ ಹೊಂಡವನ್ನು ನೋಡಲು ಹೋಗುವುದಿಲ್ಲ. ಆ ನೊರೆಯೂ ನಿರುಪದ್ರವಿಯೇನಲ್ಲ: ಹೊಳೆಯ ಗುಂಡಿಗೆ ಕಾರೆಕಾಯಿಯನ್ನು ಜಜ್ಜಿ ಹಾಕಿ ಮೀನುಗಳ ಮತಿಗೆಡಿಸಿ ಹಿಡಿಯುವುದನ್ನು ನಮ್ಮ ಕಡೆಯ ಹಿರಿಯರು ಬಲ್ಲರು. ಅಲ್ಲಿಯೂ ಇರುವುದು ಅಂಟುವಾಳದಲ್ಲಿರುವ ಜಾತಿಯದೇ ಆದ ನೊರೆಯ ಪದಾರ್ಥ. ಅದು ಕಿವಿರುಗಳನ್ನು ಕೆಡಿಸುತ್ತದೆ.

ಕಡಲಿನಲ್ಲಿ ಚದುರುಮದ್ದು ಬಿದ್ದೊಡನೆ ಮೇಲೆ ಹಾಸಿದ್ದ ಕಪ್ಪು ಪದರ ಕಾಫಿಯ ಬಣ್ಣದ ಮೋಡದಂತಾಗಿ ಕೆಳಗಿಳಿಯುತ್ತದೆ. ಕೆಲವು ಗಂಟೆಗಳಲ್ಲಿ ಮೇಲ್ಮೈ ಹೊಳೆಯತೊಡಗುತ್ತದೆ. ಹಕ್ಕಿಗಳ ರೆಕ್ಕೆಗೆ, ಕಾಂಡ್ಲಾ ಕಾಡಿನ ಬೇರುಗಳಿಗೆ ಎಣ್ಣೆ ಮೆತ್ತುವುದು ತಪ್ಪುತ್ತದೆ. ಎಣ್ಣೆಯನ್ನು ತಿಂದು ಅರಗಿಸುವ ಬ್ಯಾಕ್ಟೀರಿಯಗಳಿಗೆ ಸಣ್ಣ ಹನಿ ಸುಲಭದ ತುತ್ತು. ಇದೆಲ್ಲ ನಿಜವಾದ ಲಾಭ. ಮದ್ದನ್ನು ಬಳಸುವವರನ್ನು ನಾನು ಹಳಿಯಲಾರೆ. ಆದರೆ ಹೀಗೆ ಒಡೆದ ಹನಿಯ ಗಾತ್ರವೆಷ್ಟು? ಮಿಲಿಮೀಟರಿನ ನೂರನೆಯ ಒಂದು ಭಾಗ, ಅದರ ಆಚೀಚೆ. ಡಯಾಟಮ್‌ಗಳ ಗಾತ್ರವೂ ಬಹುಮಟ್ಟಿಗೆ ಅದೇ. ಕೋಪಿಪಾಡ್ ತನ್ನ ತುತ್ತನ್ನು ಆರಿಸುವಲ್ಲಿ ಗಾತ್ರಕ್ಕೆ ದೊಡ್ಡ ಪಾಲಿದೆ. ಮೇಲೆ ತೇಲುತ್ತಿದ್ದಾಗ ಅದರ ಬಾಯಿಗೆ ಎಟುಕದಿದ್ದ ಎಣ್ಣೆಯನ್ನು ನಾವು ತುತ್ತಿನ ಅಳತೆಗೆ ಕಲಸಿ ಬಡಿಸಿದಂತಾಯಿತು.

ಇದು ಊಹೆಯಲ್ಲ. ಈ ವಿಚಾರದಲ್ಲಿ ಜಗತ್ತಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1967ರಲ್ಲಿ. ಆ ಮಾರ್ಚ್ 18ರಂದು ಟೋರಿ ಕ್ಯಾನಿಯನ್ ಎಂಬ ತೈಲನೌಕೆ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆ ಬಂಡೆಗೆ ಬಡಿದು, ಒಂದು ಲಕ್ಷ ಟನ್ನಿಗೂ ಮಿಕ್ಕಿದ ಕಚ್ಚಾತೈಲದ ಹೊರೆ ಕಡಲ ಪಾಲಾಯಿತು. ಗಾಬರಿಗೊಂಡ ಆಡಳಿತ ಸುಮಾರು 10,000 ಟನ್ ಮಾರ್ಜಕವನ್ನು ಕಡಲಿಗೂ ದಡಕ್ಕೂ ಸುರಿಯಿತು. ಪ್ಲಿಮತ್‌ನ ಕಡಲಜೀವಿ ಪ್ರಯೋಗಾಲಯದವರು ತಮ್ಮ ಕೈಯಲ್ಲಿದ್ದ ಬೇರೆ ಕೆಲಸಗಳನ್ನು ಬದಿಗಿಟ್ಟು ಪರಿಣಾಮವನ್ನು ಅಳೆದು 1968ರಲ್ಲಿ ವರದಿ ಪ್ರಕಟಿಸಿದರು. ಎಣ್ಣೆಗಿಂತ ಮಾರ್ಜಕವೇ ಹೆಚ್ಚು ಜೀವಗಳನ್ನು ಕೊಂದಿತ್ತು. ಅಲ್ಲಿಯ ಪಿಲ್ಚರ್ಡ್ ಎಂಬ ಮೀನು ನಮ್ಮ ಬೂತಾಯಿಯ ದಾಯಾದಿ. ಮದ್ದು ಬಿದ್ದ ನೀರಿನಲ್ಲಿ ಅದರ ತೇಲುವ ಮೊಟ್ಟೆಗಳಲ್ಲಿ ಅರ್ಧದಿಂದ ಹಿಡಿದು ಮುಕ್ಕಾಲಿಗೂ ಹೆಚ್ಚಿನವು ಸತ್ತಿದ್ದುವು. ದಡದ ಬಂಡೆಗಳ ಮೇಲೆ ಪಾಚಿಯನ್ನು ಮೇಯುತ್ತಿದ್ದ ಚಿಪ್ಪುಜೀವಿಗಳು ನಿರ್ನಾಮವಾದುದರಿಂದ ಬಂಡೆಗಳು ಹುಲ್ಲು ಹಾಸಿದಂತೆ ಹಸಿರಾದುವು. ನೋಡಿದವರು ಪ್ರಕೃತಿ ಚೇತರಿಸಿಕೊಂಡಿತೆಂದು ಸಂತೋಷಪಟ್ಟಿದ್ದರೆ ನನಗೆ ಸೋಜಿಗವಿಲ್ಲ. ನನ್ನ ಕೆರೆಯ ನೀರನ್ನು ಹೊಗಳಿದವರ ನೆನಪಾಗುತ್ತದೆ. ಸೀಲ್ ಪ್ರಾಣಿಗಳಿಗೆ ತೊಂದರೆಯಾದೀತೆಂದು ಮಾರ್ಜಕ ಹಾಕದೆ ಬಿಟ್ಟ ಗಾಡ್ರೆವಿ ಎಂಬಲ್ಲಿ ಎರಡು ಮೂರು ವರ್ಷಗಳಲ್ಲಿ ದಡ ಮೊದಲಿನಂತಾಯಿತು. ಮಾರ್ಜಕ ಧಾರಾಳವಾಗಿ ಬಿದ್ದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಅನಂತರ ತಯಾರಾದ ಮದ್ದುಗಳು ಅಷ್ಟು ಕ್ರೂರವಾದುವಲ್ಲ ಎಂಬುದನ್ನು ಒಪ್ಪಬೇಕು. ಆದರೂ 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲಬಾವಿ ಸಿಡಿದು ಹನ್ನೊಂದು ಮಂದಿ ಸತ್ತು, 87 ದಿನ ಎಣ್ಣೆ ಚಿಮ್ಮಿದಾಗ, ಮೇಲಿನಿಂದಲೂ ಒಂದೂವರೆ ಕಿಲೋಮೀಟರು ಆಳದ ಬಾವಿಯ ಬಾಯಿಯಲ್ಲಿಯೂ ಒಟ್ಟು ಸುಮಾರು 70 ಲಕ್ಷ ಲೀಟರು ಚದುರುಮದ್ದನ್ನು ಸುರಿಯಲಾಯಿತು. ಆಮೇಲೆ ಅಮೆರಿಕದ ಜಾರ್ಜಿಯಾದ ಮತ್ತು ಮೆಕ್ಸಿಕೋದ ಸಂಶೋಧಕರು ಸೇರಿ, ಬ್ರೇಕಿಯೋನಸ್ ಎಂಬ ಚಕ್ರಜೀವಿಯ ಮೇಲೆ ಪ್ರಯೋಗ ನಡೆಸಿದರು. ಇದರ ಹತ್ತಿರದ ಬಂಧುಗಳು ನಮ್ಮ ಕೆರೆಗಳಲ್ಲಿಯೂ ಇವೆ. ಎಣ್ಣೆ ಮತ್ತು ಮದ್ದು ಬೇರೆ ಬೇರೆಯಾಗಿದ್ದಾಗಿನದಕ್ಕಿಂತ ಬೆರೆತಾಗ ವಿಷ 52 ಪಟ್ಟಿನವರೆಗೆ ಏರಬಹುದೆಂದು ಅವರು ಕಂಡರು. ಈ 52 ಎಂಬ ಸಂಖ್ಯೆಯನ್ನು ಹಿಡಿದು ಕೂಗಾಡುವವರೂ ಇದ್ದಾರೆ, ಗಾಜಿನ ಸೀಸೆಯಲ್ಲಿ ಕಂಡದ್ದು ಕಡಲಿಗೆ ಸಲ್ಲದೆಂದು ತಳ್ಳುವವರೂ ಇದ್ದಾರೆ. ತೆರೆದ ಕಡಲಿನಲ್ಲಿ ಮದ್ದು ಬೇಗ ತೆಳ್ಳಗಾಗುತ್ತದೆ ಎಂಬುದು ಎರಡನೆಯವರ ವಾದ, ಅದರಲ್ಲಿ ಹುರುಳಿದೆ. ನನಗೆ ಹೆಚ್ಚು ಮುಖ್ಯವೆನಿಸುವುದು ಟೆಕ್ಸಾಸ್‌ನ ವಿಜ್ಞಾನಿಗಳು ಕಂಡ ಬೇರೊಂದು ಸಂಗತಿ: ಕೋಪಿಪಾಡ್‌ಗಳು ಎಣ್ಣೆಯ ಹನಿಗಳನ್ನು ನುಂಗುತ್ತವೆ, ಮತ್ತು ಅವುಗಳ ಹಿಕ್ಕೆಯಲ್ಲಿಯೂ ಎಣ್ಣೆ ಇರುತ್ತದೆ. ನುಂಗಿದವುಗಳನ್ನು ಮೀನು ನುಂಗುತ್ತದೆ. ಹಿಕ್ಕೆ ತಳಕ್ಕಿಳಿದು ಅಲ್ಲಿಯ ಏಡಿ, ಹುಳುಗಳ ಪಾಲಾಗುತ್ತದೆ. ಮೈ ಪಾರದರ್ಶಕವಾಗಿರುವ ಇಂತಹ ಜೀವಿಗಳಲ್ಲಿ ಎಣ್ಣೆಯ ಕೆಲವು ಅಂಶಗಳು ಬಿಸಿಲು ತಾಗಿದಾಗ ಇನ್ನಷ್ಟು ವಿಷವಾಗುವುದೂ ಉಂಟು. ಮಳೆಗಾಲದ ಮೋಡ ಈ ಒಂದು ಬಾಬಿನಲ್ಲಿ ನಮ್ಮ ಕಡಲಿಗೆ ಸ್ವಲ್ಪ ರಕ್ಷೆ.

ಉಳಿದ ಬಾಬುಗಳಲ್ಲಿ ಮಳೆಗಾಲವೇ ನಮ್ಮ ತೊಡಕು. ನಮ್ಮ ತೀರದಲ್ಲಿ ಮುಂಗಾರಿನ ಗಾಳಿ ಬೀಸತೊಡಗಿದಾಗ ಆಳದ ತಣ್ಣನೆಯ, ಲವಣ ತುಂಬಿದ ನೀರು ಮೇಲಕ್ಕೇಳುತ್ತದೆ. ಅದೇ ತಿಂಗಳುಗಳಲ್ಲಿ ಹೊಳೆಗಳು ಕೆಂಪಗೆ ತುಂಬಿ ಬಂದು ಘಟ್ಟದ ಸಾರವನ್ನು ಸೇರಿಸುತ್ತವೆ. ಸಸ್ಯಪ್ಲವಕಗಳಿಗೆ ಅದು ಸುಗ್ಗಿ. ಆ ಸುಗ್ಗಿಗೆ ಸರಿಹೊಂದುವಂತೆ ಬೂತಾಯಿ ಮೊಟ್ಟೆಯಿಡುತ್ತದೆ. ಆ ಮೊಟ್ಟೆಯೊಳಗೆ, ಕಾವಲಿಗಿಟ್ಟಂತೆ, ಅದರದೇ ಒಂದು ಎಣ್ಣೆಯ ಹನಿ ಇರುತ್ತದೆ. ಹೆಚ್ಚುಕಡಿಮೆ ಒಂದು ದಿನದಲ್ಲಿ ಮರಿ ಹೊರಬರುತ್ತದೆ. ಅದಕ್ಕಾಗಿಯೇ ಕರ್ನಾಟಕದ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧ. ಮೊಟ್ಟೆ ಮರಿಗಳಿಗೆಂದು ಮೀನುಗಾರರು 61 ದಿನ ತಮ್ಮ ಅನ್ನವನ್ನು ಬಿಟ್ಟು ದಡದಲ್ಲಿ ಕೂರುತ್ತಾರೆ.

ಇನ್ನು ಹಡಗುಗಳು ಮುಳುಗಿದ ದಿನಗಳನ್ನು ನೋಡಿ. ಓಷನ್ ಸೆರಾಯ ಬಂಡೆ ಹತ್ತಿದ್ದು ಮೇ 30ಕ್ಕೆ. ಮಂಗಳೂರಿನಾಚೆ ಡೆನ್‌ಡೆನ್ ಎಂಬ ಹಡಗು ಮುಳುಗಿದ್ದು 2007ರ ಜೂನ್‌ನಲ್ಲಿ. ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಕೆಳಗಿಳಿದು ಎಣ್ಣೆಯ ಭೀತಿ ಹುಟ್ಟಿಸಿದ್ದು 2022ರ ಜೂನ್‌ನಲ್ಲಿ. ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಮುಳುಗಿದ್ದು 2025ರ ಮೇ 25ರಂದು. ಕಡಲು ಕೆರಳುವ ಹೊತ್ತೇ ಹಡಗುಗಳಿಗೆ ಅಪಾಯದ ಹೊತ್ತು. ಅದೇ ಹೊತ್ತು ಮೊಟ್ಟೆಯೊಡೆಯುವ ಹೊತ್ತು. ಎಲ್ಸಾ 3ರಿಂದ ಸೋರಿದ ಎಣ್ಣೆಯ ಮೇಲೆ ತಟರಕ್ಷಣಾ ಪಡೆಯವರು ಚದುರುಮದ್ದನ್ನು ಸಿಂಪಡಿಸಿದರು. ದಡದತ್ತ ಗಾಳಿ ಬೀಸುತ್ತಿರುವಾಗ ಅವರಿಗಿದ್ದ ದಾರಿಗಳೂ ಕೆಲವೇ. ಆ ಜೂನ್‌ನಲ್ಲಿ 'ಸಾಗರ ಸಂಪದ' ಸಂಶೋಧನಾ ನೌಕೆಯಲ್ಲಿ ಹೋದ ವಿಜ್ಞಾನಿಗಳಿಗೆ ಅಲ್ಲಿಯ ಪ್ರಾಣಿಪ್ಲವಕಗಳ ಮೈಯಲ್ಲಿ ನ್ಯಾಫ್ತಲೀನ್ ಮೊದಲಾದ ತೈಲಜನ್ಯ ವಸ್ತುಗಳು ಸೇರಿಕೊಂಡಿರುವುದು ಕಂಡಿತು.

ಹಾಗಾದರೆ ಮದ್ದೇ ಬೇಡವೆ? ಹಾಗೆನ್ನಲಾರೆ. ಆಳವಾದ ಕಡಲಿನಲ್ಲಿ, ಡಿಸೆಂಬರಿನಲ್ಲಿ, ಎಣ್ಣೆ ಅಘನಾಶಿನಿಯ ಅಳಿವೆಯಂತಹ ಜಾಗಕ್ಕೆ ನುಗ್ಗುವಂತಿದ್ದರೆ ನಾನೂ ಸಿಂಪಡಿಸಿ ಎಂದೇನು. ಆದರೆ ಜೂನ್‌ನಲ್ಲಿ, ಅಲೆಗಳೇ ಎಣ್ಣೆಯನ್ನು ಹಗಲಿರುಳು ಕಡೆಯುತ್ತಿರುವಾಗ, ದಡದ ಸಮೀಪದಲ್ಲಿ, ಅದರ ಮೇಲೆ ಮತ್ತೆ ಮದ್ದು ಬೇಕೆ ಎಂಬ ಪ್ರಶ್ನೆಯನ್ನು ಹಡಗು ಮುಳುಗಿದ ರಾತ್ರಿ ಕೇಳುವುದಲ್ಲ. ಫೆಬ್ರುವರಿಯಲ್ಲಿ ಕುಳಿತು ಕೇಳಿ ತೀರ್ಮಾನಿಸಿಟ್ಟಿರಬೇಕು. ಮರಳಿನ ಮೇಲೆ ಬಂದ ಎಣ್ಣೆಯನ್ನು ಸಲಿಕೆಯಿಂದ ತೆಗೆಯಬಹುದು. ಅಸಹ್ಯವಾದ ಕೆಲಸ, ಪ್ರವಾಸಿಗರು ಮೂಗು ಮುಚ್ಚಿಕೊಳ್ಳುತ್ತಾರೆ, ಛಾಯಾಚಿತ್ರಗಳು ಬರುತ್ತವೆ. ಕೋಪಿಪಾಡಿನ ಹೊಟ್ಟೆಯ ಛಾಯಾಚಿತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ತೀರ್ಮಾನಗಳು ಛಾಯಾಚಿತ್ರದ ಭಯದಿಂದ ಆಗುತ್ತಿವೆಯೋ ಎಂಬ ಸಂಶಯ ನನಗೆ ಬಹಳ ಕಾಲದಿಂದ ಇದೆ.

ಇನ್ನೊಂದು ಕೊರತೆಯನ್ನು ಹೇಳಬೇಕು. ಬೂತಾಯಿಯ ಫಸಲು ಒಂದು ವರ್ಷ ಉಕ್ಕುತ್ತದೆ, ಇನ್ನೊಂದು ವರ್ಷ ಬತ್ತುತ್ತದೆ. ಕಡಲಿನ ಶಾಖ, ಅತಿಯಾದ ಬೇಟೆ, ಮಳೆಯ ಏರುಪೇರು, ಎಲ್ಲಕ್ಕೂ ಅದರಲ್ಲಿ ಕೈಯಿದೆ. ಮೀನು ಸಿಕ್ಕದ ವರ್ಷ ಮುಳುಗಿದ ಹಡಗಿನ ಕಡೆಗೆ ಬೆರಳು ತೋರಿಸಿದರೆ ಸಾಲದು. ಮೊದಲು ಎಷ್ಟಿತ್ತು ಎಂಬ ಲೆಕ್ಕ ಬೇಕು. ಆಗುಂಬೆಯ ಮಳೆಯನ್ನು ದಿನದಿನವೂ ಅಳೆದಿಟ್ಟಿರುವುದರಿಂದಲ್ಲವೆ ಈ ವರ್ಷ ಕಡಿಮೆ, ಆ ವರ್ಷ ಹೆಚ್ಚು ಎಂದು ನಾವು ಮಾತನಾಡುವುದು? ನಮ್ಮ ಅಡಿಕೆ ಬೆಳೆಗಾರರಲ್ಲಿ ಅನೇಕರು ಮನೆಯಂಗಳದ ಮಳೆಯನ್ನು ತಾವೇ ಅಳೆದು ಬರೆದಿಡುತ್ತಾರೆ. ಕಡಲಿನ ಒಂದು ಬಕೆಟ್ಟು ನೀರಿನಲ್ಲಿ ಏನೇನು ಇತ್ತೆಂದು ತಿಂಗಳಿಗೊಮ್ಮೆ ಬರೆದಿಡುವುದು ಅದಕ್ಕಿಂತ ಸ್ವಲ್ಪವೇ ಕಷ್ಟ. ದೊಡ್ಡ ಸಂಸ್ಥೆಗಳು ತಮ್ಮ ಪಾಲಿನದನ್ನು ಮಾಡುತ್ತಿವೆ. ಆದರೆ ಹಡಗು ಯಾವ ಬಂಡೆಯನ್ನು ಹತ್ತುವುದೆಂದು ಮೊದಲೇ ಹೇಳಿ ಬರುವುದಿಲ್ಲವಾದ್ದರಿಂದ ಪ್ರತಿ ಅಳಿವೆಗೂ ಒಂದು ಲೆಕ್ಕದ ಪುಸ್ತಕ ಬೇಕು.

ಹೊನ್ನಾವರದ ಕಡೆ ಪಾಠ ಹೇಳುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಇದನ್ನು ಹೇಳಿದೆ. ಅವರು ಶರಾವತಿಯ ಅಳಿವೆಯಲ್ಲಿ ಪರಿಚಯದ ದೋಣಿಯವರೊಡನೆ ಹೋಗಿ ಬಲೆಯೆಳೆದು, ಸಿಕ್ಕಿದ್ದನ್ನು ಫಾರ್ಮಲಿನ್ ಹಾಕಿದ ಸೀಸೆಯಲ್ಲಿಟ್ಟು, ಬಸ್ಸಿನ ಕಂಡಕ್ಟರರ ಕೈಯಲ್ಲಿ ಸಾಗರಕ್ಕೆ ಕಳುಹಿಸುತ್ತಾರೆ. ಎಣಿಸುವುದು ನನ್ನ ಕೆಲಸ. ಕಣ್ಣು ಮೊದಲಿನಷ್ಟು ಚುರುಕಾಗಿಲ್ಲವಾದ್ದರಿಂದ ಒಂದು ಸೀಸೆಗೆ ನಾಲ್ಕು ದಿನ ಹಿಡಿಯುತ್ತದೆ. ಈವರೆಗೆ ಐದು ಸೀಸೆಗಳು ಬಂದಿವೆ. ಆರನೆಯದು ಜೂನ್ ತಿಂಗಳದು. ಅಳಿವೆಯ ಬಾಯಿಯಲ್ಲಿ ಅಲೆ ಜೋರಾಗಿದ್ದರೆ ದೋಣಿ ಇಳಿಸುವುದಿಲ್ಲವೆಂದು ದೋಣಿಯವರು ಈಗಲೇ ಹೇಳಿಟ್ಟಿದ್ದಾರಂತೆ.